ದುಡಿಯುವ ಕೈಗೊಂದು ಮಡಚುವ ಚಾಕು

(ಕನ್ನಡ ಕೂಟದ ನವರಾತ್ರಿ ಕಾರ್ಯಕ್ರಮದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಇಂಥ ಸಮಾರಂಭಗಳಿಗೆ ವೈದ್ಯನೊಬ್ಬನನ್ನು ಕರೆದರೆ ಆತ ರಕ್ತದೊತ್ತಡದ ಬಗೆಗೋ ಮಧುಮೇಹದ ಬಗೆಗೋ ನಾಲ್ಕು ಹಿತವಚನ ಹೇಳಿ, ಸಿಹಿ ಕಡಿಮೆ ತಿನ್ನಿರೆಂದು ಎಚ್ಚರಿಸಿ, ಆಮೇಲೆ ತಾನೇ ಎಲ್ಲರಿಗಿಂತ ಮೊದಲು ಹೋಳಿಗೆಯ ಸಾಲಿನಲ್ಲಿ ನಿಲ್ಲುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಸ್ವಲ್ಪ ಮೀರಲು ನಿಮ್ಮ ಅಪ್ಪಣೆ ಬೇಡುತ್ತೇನೆ. ನಾನು ಆರಿಸಿಕೊಂಡ ವಿಷಯ ಜೇಬಿನಲ್ಲಿ ಹಿಡಿಸುವಷ್ಟು ಸಣ್ಣದು: ಕೈಕಸುಬಿನವರು ಬಳಸುವ ಮಡಚುವ ಚಾಕು. ಹೆಚ್ಚು ಹಣ ಸುರಿಯದೆ ಒಳ್ಳೆಯದನ್ನು ಆರಿಸುವುದು ಹೇಗೆ, ಆ ಆಯ್ಕೆ ಒಬ್ಬ ವೈದ್ಯನಿಗೆ ಏಕೆ ಮುಖ್ಯವೆನಿಸುತ್ತದೆ ಎಂಬುದಷ್ಟೇ ಇಂದಿನ ಮಾತು.

ಈ ದೇಶಕ್ಕೆ ಬಂದ ನಮ್ಮ ಪೀಳಿಗೆಯಲ್ಲಿ ಬಹುಪಾಲು ಜನ ಎಂಜಿನಿಯರುಗಳು, ವೈದ್ಯರು, ಪ್ರಾಧ್ಯಾಪಕರು. ಮಕ್ಕಳೂ ಅದೇ ಹಾದಿ ಹಿಡಿಯಬೇಕೆಂಬುದು ನಮ್ಮ ಅಲಿಖಿತ ಸಂವಿಧಾನ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಈಗ ವಿದ್ಯುತ್ ಕೆಲಸ, ಕೊಳಾಯಿ ಕೆಲಸ, ಮರಗೆಲಸಗಳನ್ನು ತಾವಾಗಿ ಆರಿಸಿಕೊಳ್ಳುತ್ತಿದ್ದಾರೆ. ಎಲೆಕ್ಟ್ರೀಷಿಯನ್ ಆಗಬೇಕಾದರೆ ಸಾಮಾನ್ಯವಾಗಿ 4ರಿಂದ 5 ವರ್ಷ ಅಪ್ರೆಂಟಿಸ್ ಆಗಿ ದುಡಿಯಬೇಕು. ಹಗಲು ಕೆಲಸ, ಜೊತೆಗೆ ತರಗತಿಯ ಪಾಠ, ಕಲಿಯುವಾಗಲೇ ಸಂಬಳ. ಸಾಲ ಮಾಡಿ ಓದುವ ಈ ನಾಡಿನಲ್ಲಿ ಇದು ಕಡೆಗಣಿಸುವ ಮಾತಲ್ಲ. ಆದರೂ ಊಟದ ವಿರಾಮದಲ್ಲಿ ತಂದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮಗ ವೈರಿಂಗ್ ಕೆಲಸ ಕಲಿಯುತ್ತಿದ್ದಾನೆಂದು ಹೇಳುವಾಗ ದನಿ ತಗ್ಗಿಸುತ್ತಾರೆ. ಮನೆಯಲ್ಲಿ ಯಾರಿಗೋ ಗುಣವಾಗದ ರೋಗವಿದೆಯೆಂದು ಹೇಳುವವರ ದನಿ ಅದು. ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯನವರನ್ನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರನ್ನೂ ಶರಣರೆಂದು ನೆನೆಯುವ ನಾಡಿನಿಂದ ಬಂದ ನಮಗೆ ಈ ತಗ್ಗಿದ ದನಿ ಒಪ್ಪುವುದಿಲ್ಲ. ಮಗನ ಕಸುಬಿನ ಬಗ್ಗೆ ನಾಚುವ ತಂದೆಗೆ ಆ ಕಸುಬಿನ ಸಲಕರಣೆಯ ಬಗ್ಗೆ ಕೇಳಲು ಮನಸ್ಸು ಬಾರದು. ಕೇಳದೆ ಉಳಿದ ಆ ಪ್ರಶ್ನೆಯ ಬೆಲೆಯನ್ನು ಕೆಲವೊಮ್ಮೆ ಮಗನ ಬೆರಳು ತೆರುತ್ತದೆ.

ನಾನು ತುರ್ತು ಚಿಕಿತ್ಸಾ ವಿಭಾಗದ ವೈದ್ಯ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಸುಗ್ಗಿಯ ಕಾಲದಲ್ಲಿ ಕುಡುಗೋಲಿನ ಗಾಯಗಳನ್ನು ನೋಡಿದೆ. ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗ ರತ್ನಗಂಬಳಿ ಹಾಸುವವರ, ಸೂರು ಹೊದಿಸುವವರ, ತಂತಿ ಎಳೆಯುವವರ ಗಾಯಗಳನ್ನು ನೋಡಿದೆ. ಆಯುಧ ಬೇರೆ, ಕೈ ಒಂದೇ. ಆದ್ದರಿಂದ ಚಾಕುವಿಗಿಂತ ಮೊದಲು ಕೈಯನ್ನು ಕುರಿತು ಎರಡು ಮಾತು ಹೇಳಬೇಕು.

ನಿಮ್ಮ ಬಲಗೈಯ ಬೆರಳುಗಳನ್ನು ಒಮ್ಮೆ ಮಡಚಿ ನೋಡಿ. ಅವುಗಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂದೋಳಿನಲ್ಲಿವೆ. ಅಲ್ಲಿಂದ ಬೆರಳಿನವರೆಗೆ ಹುರಿಯಂತಹ ಸ್ನಾಯುರಜ್ಜುಗಳು ಹರಿದು ಬರುತ್ತವೆ. ನಾವು ವೈದ್ಯರು ಅವನ್ನು ಟೆಂಡನ್ ಎನ್ನುತ್ತೇವೆ. ಹೆಬ್ಬೆರಳಿಗೆ ಇಂಥ ಮಡಚುವ ಹುರಿ ಒಂದು, ಉಳಿದ ಬೆರಳುಗಳಿಗೆ ಎರಡೆರಡು. ಬೆರಳಿನ ಒಳಮುಖದಲ್ಲಿ ಇವು ಇಕ್ಕಟ್ಟಾದ ಸುರಂಗದೊಳಗೆ ಜಾರುತ್ತವೆ. ಸುರಂಗದ ಇಕ್ಕೆಲಗಳಲ್ಲಿ ಸ್ಪರ್ಶವನ್ನು ತಿಳಿಸುವ ನರ ಮತ್ತು ರಕ್ತನಾಳ. ಇವೆಲ್ಲವೂ ಚರ್ಮದಿಂದ ಕೆಲವೇ ಮಿಲಿಮೀಟರ್ ಆಳದಲ್ಲಿವೆ. ಅಂಗೈಯ ಮೇಲ್ಗೆರೆಯಿಂದ ಬೆರಳಿನ ನಡುಭಾಗದವರೆಗಿನ ಈ ಪ್ರದೇಶಕ್ಕೆ ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನೆಲ್ ಅವರು ‘ಯಾರಿಗೂ ಸೇರದ ನೆಲ’ ಎಂಬರ್ಥದ ಹೆಸರು ಕೊಟ್ಟಿದ್ದರು, ಅಂದರೆ ಯುದ್ಧದಲ್ಲಿ ಎರಡು ಸೇನೆಗಳ ನಡುವೆ ಯಾರೂ ಕಾಲಿಡದ ಜಾಗ. ಅಲ್ಲಿ ತುಂಡಾದ ಹುರಿಯನ್ನು ಕೂಡಲೇ ಹೊಲಿದರೆ ಅದು ಸುರಂಗಕ್ಕೇ ಅಂಟಿಕೊಂಡು ಬೆರಳು ಮರಗಟ್ಟುತ್ತದೆ ಎಂಬ ಭಯ ಬಹುಕಾಲ ಇತ್ತು. ಕೂಡಲೇ ಹೊಲಿದು, ಹದವರಿತು ಚಲಿಸಿದರೆ ಬೆರಳು ಉಳಿಯುತ್ತದೆಂದು ಲೂಯಿವಿಲ್‌ನ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿಕೊಟ್ಟರು. ಇಂದು ಫಲಿತಾಂಶ ಎಷ್ಟೋ ಉತ್ತಮ. ಆದರೂ ಹೊಲಿದ ಬೆರಳಿನಿಂದ ಭಾರದ ಕೆಲಸ ಮಾಡಲು ಸುಮಾರು ಮೂರು ತಿಂಗಳು ಬೇಕು. ತುಂಡಾದ ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಸ್ಪರ್ಶ ಪೂರ್ತಿ ಮರಳದೆಯೂ ಇರಬಹುದು. ತಿರುಪಿನ ಎಳೆಯನ್ನು ಬೆರಳ ತುದಿಯಿಂದಲೇ ಗುರುತಿಸಬೇಕಾದವನಿಗೆ ಇದು ಜೀವನೋಪಾಯದ ಪ್ರಶ್ನೆ.

ಈಗ ಚಾಕುವಿಗೆ ಬರೋಣ. ಮಡಚುವ ಚಾಕು ಕೆಲಸಗಾರನನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ಗಾಯಗೊಳಿಸುತ್ತದೆ. ಒಂದು, ಕೆಲಸದ ನಡುವೆ ಅಲಗು ತಾನಾಗಿ ಮಡಚಿಕೊಂಡು ಹಿಡಿದ ಬೆರಳುಗಳ ಮೇಲೆಯೇ ಮುಚ್ಚುತ್ತದೆ. ಎರಡು, ಮೊಂಡು ಅಲಗನ್ನು ಬಲವಾಗಿ ಒತ್ತುವಾಗ ಅದು ಜಾರಿ, ವಸ್ತುವನ್ನು ಹಿಡಿದ ಇನ್ನೊಂದು ಕೈಗೆ ತಗಲುತ್ತದೆ. ಮೂರು, ಚಾಕುವಿನ ಕೆಲಸವಲ್ಲದ್ದನ್ನು ಚಾಕುವಿನಿಂದ ಮಾಡಿಸುತ್ತೇವೆ: ತಿರುಪು ತಿರುಗಿಸುವುದು, ಡಬ್ಬದ ಮುಚ್ಚಳ ಮೀಟುವುದು. ಒಳ್ಳೆಯ ಚಾಕುವಿನ ಲಕ್ಷಣಗಳೆಲ್ಲ ಈ ಮೂರು ಗಾಯಗಳಿಂದಲೇ ತಾನಾಗಿ ಹೊರಡುತ್ತವೆ.

ಮೊದಲನೆಯದು ಅಗುಳಿ. ಬಾಗಿಲಿಗೆ ಅಗುಳಿ ಇರುವಂತೆ ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ವ್ಯವಸ್ಥೆ ಇರಬೇಕು. ನಾವು ಊರಿನಲ್ಲಿ ಪೆನ್ಸಿಲ್ ಹೆರೆಯಲು ಬಳಸುತ್ತಿದ್ದ ಚಾಕುಗಳಿಗೆ ಅಗುಳಿ ಇರಲಿಲ್ಲ. ಸ್ಪ್ರಿಂಗಿನ ಒತ್ತಡವಷ್ಟೇ ಅಲಗನ್ನು ಹಿಡಿದಿಡುತ್ತಿತ್ತು. ಕಾರ್ಲ್ ಎಲ್ಸೆನರ್ ಅವರು 1891ರಲ್ಲಿ ಸ್ವಿಸ್ ಸೇನೆಗೆ ಒದಗಿಸಲಾರಂಭಿಸಿದ ಪ್ರಸಿದ್ಧ ಚಾಕುವಿನ ವಂಶದಲ್ಲಿ ಇಂದಿಗೂ ಅನೇಕವು ಹೀಗೆಯೇ ಇವೆ. ಹಣ್ಣು ಹೆಚ್ಚಲು, ದಾರ ಕತ್ತರಿಸಲು ಅವು ಸೊಗಸು. ದಿನವಿಡೀ ದಪ್ಪ ಕೇಬಲ್ಲಿನ ಹೊದಿಕೆ ಸೀಳುವವನಿಗೆ ಅವು ಸಾಲವು.

ಅಗುಳಿಗಳಲ್ಲಿ ಮೂರು ಬಗೆಗಳನ್ನು ತಿಳಿದುಕೊಂಡರೆ ಸಾಕು. ಹಿಡಿಯ ಬೆನ್ನಿನಲ್ಲಿ ಕೊಕ್ಕೆಯಿದ್ದು, ಅದನ್ನು ಒತ್ತಿದಾಗಲೇ ಅಲಗು ಮಡಚಿಕೊಳ್ಳುವುದು ಮೊದಲನೆಯ ಬಗೆ. ಬಕ್ ಕಂಪನಿ 1964ರಲ್ಲಿ ಹೊರತಂದ 110 ಎಂಬ ಚಾಕುವಿನಿಂದ ಇದು ಮನೆಮಾತಾಯಿತು. ಗಟ್ಟಿಯಾದ ಚಾಕು, ಆದರೆ ತೂಕ ಸುಮಾರು 200 ಗ್ರಾಂ, ದಿನವೆಲ್ಲ ಏಣಿ ಹತ್ತುವವನ ಜೇಬಿಗೆ ಸ್ವಲ್ಪ ಭಾರ. ಎರಡನೆಯದು ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆತುಕೊಳ್ಳುವ ಬಗೆ. ಇಂದಿನ ಅಗ್ಗದ ಚಾಕುಗಳಲ್ಲಿ ಇದೇ ಹೆಚ್ಚು. ಇದನ್ನು ಮಡಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಮೂರನೆಯದು ಉಂಗುರ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಅವರು 1890ರಲ್ಲಿ ರೈತರಿಗೂ ಕೂಲಿಕಾರರಿಗೂ ಎಟುಕುವಂತೆ ಮರದ ಹಿಡಿಯ ಸರಳ ಚಾಕುವೊಂದನ್ನು ರೂಪಿಸಿದರು. 1955ರಲ್ಲಿ ಅದಕ್ಕೆ ತಿರುಗುವ ಉಂಗುರ ಸೇರಿತು. ಉಂಗುರ ತಿರುಗಿಸಿದರೆ ಅಲಗು ಭದ್ರ. ಅದರ 8ನೆಯ ಅಳತೆಯ ಚಾಕು, ಎಂಟೂವರೆ ಸೆಂಟಿಮೀಟರ್ ಅಲಗಿನದು, ಇಂದಿಗೂ ಸುಮಾರು 20 ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಕೊರತೆ ಎರಡು: ತೆರೆಯಲು ಎರಡೂ ಕೈ ಬೇಕು, ನೀರು ಕುಡಿದರೆ ಮರದ ಹಿಡಿ ಉಬ್ಬಿ ಅಲಗು ಬಿಗಿಯಾಗುತ್ತದೆ. ಬಡಗಿಗೆ ಇದು ಒಪ್ಪುತ್ತದೆ, ಕೊಳಾಯಿ ಕೆಲಸದವನಿಗೆ ಒಪ್ಪದು.

ಅಂಗಡಿಯಲ್ಲಿ ಅಗುಳಿಯನ್ನು ಪರೀಕ್ಷಿಸುವ ಕ್ರಮ ಸುಲಭ. ಅಲಗನ್ನು ಪೂರ್ತಿ ತೆರೆಯಿರಿ. ಬೆರಳುಗಳು ಅಲಗಿನ ದಾರಿಗೆ ಅಡ್ಡ ಬಾರದಂತೆ ಹಿಡಿಯನ್ನು ಪಕ್ಕಗಳಿಂದ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲನೆ ಒತ್ತಿರಿ. ಅಗುಳಿ ಸಡಿಲಿದರೆ ಆ ಚಾಕು ಎಷ್ಟೇ ಚೆಲುವಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಹಿಂದಿರುಗಿಸಿಬಿಡಿ. ಅಲಗನ್ನು ಪಕ್ಕಕ್ಕೆ ಅಲುಗಾಡಿಸಿ ನೋಡಿ. ಹೊಸತರಲ್ಲೇ ಕೀಲು ಸಡಿಲವಿದ್ದರೆ ಆರು ತಿಂಗಳಲ್ಲಿ ಹೇಗಿರಬಹುದೆಂದು ಊಹಿಸಬಹುದು. ಆಮೇಲೆ ಕೆಲಸದ ಕೈಗವಸು ತೊಟ್ಟು ಅದನ್ನೇ ತೆರೆದು ಮುಚ್ಚಿ. ಏಣಿಯ ಮೇಲೆ ಒಂದು ಕೈ ಆಧಾರ ಹಿಡಿದಿರುವಾಗ ಇನ್ನೊಂದೇ ಕೈಯಲ್ಲಿ ತೆರೆಯಬೇಕಾಗುತ್ತದೆ. ಈ ಕಷ್ಟಕ್ಕೆ ಸ್ಪೈಡರ್ಕೋ ಕಂಪನಿಯ ಸಾಲ್ ಗ್ಲೆಸರ್ ಅವರು 1981ರಲ್ಲಿ ಪರಿಹಾರ ಕೊಟ್ಟರು: ಅಲಗಿನಲ್ಲೊಂದು ದುಂಡು ರಂಧ್ರ, ಜೇಬಿನ ಅಂಚಿಗೆ ಸಿಕ್ಕಿಸಲು ಒಂದು ಕ್ಲಿಪ್ಪು. ಆ ಚಾಕುವಿಗೆ ಅವರು ಇಟ್ಟ ಹೆಸರೇ ‘ವರ್ಕರ್’, ಅಂದರೆ ದುಡಿಮೆಗಾರ. ಇಂದು ಅಗ್ಗದ ಚಾಕುಗಳಲ್ಲೂ ರಂಧ್ರವೋ ಹೆಬ್ಬೆರಳಿಗೆ ಸಿಗುವ ಗುಬುಟೋ ಇದ್ದೇ ಇರುತ್ತದೆ.

ಎರಡನೆಯ ಲಕ್ಷಣ ಹರಿತ. ಮೊಂಡು ಚಾಕು ಸುರಕ್ಷಿತವೆಂಬ ನಂಬಿಕೆ ನಮ್ಮ ಅಡುಗೆಮನೆಗಳಲ್ಲೂ ಇದೆ. ಹರಿತವಾದ ಅಲಗು ಸ್ವಲ್ಪ ಒತ್ತಿದರೆ ಸಾಗುತ್ತದೆ, ನಾವು ಬಯಸಿದಲ್ಲಿ ನಿಲ್ಲುತ್ತದೆ. ಮೊಂಡು ಅಲಗಿಗೆ ಮೈಭಾರವನ್ನೆಲ್ಲ ಹಾಕಬೇಕು. ಅದು ಜಾರಿದಾಗ ಆ ಭಾರವೆಲ್ಲ ಅಲಗಿನ ಹಿಂದೆಯೇ ಹೋಗುತ್ತದೆ. ಹೀಗಾಗಿ ಉಕ್ಕಿನ ಪ್ರಶ್ನೆ ಬರುತ್ತದೆ. ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಮಾಪನದಲ್ಲಿ ಅಳೆಯುತ್ತಾರೆ. ಜೇಬಿನ ಚಾಕುಗಳು ಸಾಮಾನ್ಯವಾಗಿ 55ರಿಂದ 60ರ ನಡುವೆ ಇರುತ್ತವೆ. ಹೆಚ್ಚು ಗಡಸಾದುದು ಹರಿತವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೆ ಮಸೆಯಲು ಕಷ್ಟ. 420 ಎಚ್‌ಸಿ, ಎಯುಎಸ್-8, 8ಸಿಆರ್13ಎಂಒವಿ ಎಂಬ ಹೆಸರುಗಳನ್ನು ಅಗ್ಗದ ಚಾಕುಗಳ ಮೇಲೆ ಕಾಣುವಿರಿ. ಈ ಮೂರರಲ್ಲೂ ಸುಮಾರು 13 ಪ್ರತಿಶತ ಕ್ರೋಮಿಯಂ ಇರುವುದರಿಂದ ತುಕ್ಕು ಬೇಗ ಹಿಡಿಯದು. ಸಾಧಾರಣ ಮಸೆಗಲ್ಲಿನ ಮೇಲೆ ಐದು ನಿಮಿಷ ಉಜ್ಜಿದರೆ ಮತ್ತೆ ಹರಿತವಾಗುತ್ತವೆ. ನೂರಾರು ಡಾಲರಿನ ದುಬಾರಿ ಉಕ್ಕು ಸಂಗ್ರಹಕಾರರಿಗೆ ಇರಲಿ. 30 ಡಾಲರಿನ ಚಾಕು, 15 ಡಾಲರಿನ ಮಸೆಗಲ್ಲು, ಭಾನುವಾರ ಸಂಜೆ ಮಸೆಯುವ ಅಭ್ಯಾಸ, ಇವು ಮೂರೂ ಸೇರಿದರೆ ಕಲಿಯುವ ಹುಡುಗನಿಗೆ ಧಾರಾಳ ಸಾಕು.

ಮಸೆಯುವ ಸಹನೆಯಿಲ್ಲದವರಿಗೂ ದಾರಿಯಿದೆ. 1956ರಲ್ಲಿ ಜಪಾನಿನ ಒಸಾಕಾದಲ್ಲಿ ಯೋಶಿಯೊ ಒಕಾದಾ ಎಂಬವರು ತುಣುಕು ತುಣುಕಾಗಿ ಮುರಿಯುವ ಚಾಕೊಲೇಟನ್ನು ನೆನೆದು, ಮೊಂಡಾದ ತುದಿಯನ್ನು ಮುರಿದು ಹೊಸ ಅಂಚು ಪಡೆಯುವ ಅಲಗನ್ನು ಕಂಡುಹಿಡಿದರು. ಅದೇ ಓಲ್ಫಾ ಚಾಕುವಿನ ಮೂಲ. ಅದೇ ಹರಿತದ ತತ್ತ್ವವನ್ನು ಮಡಚುವ ಹಿಡಿಗೆ ಅಳವಡಿಸಿ, ಅಲಗನ್ನೇ ಬದಲಾಯಿಸುವ ಚಾಕುಗಳು ಇಂದು 10ರಿಂದ 20 ಡಾಲರಿಗೆ ದೊರೆಯುತ್ತವೆ. ಗೋಡೆಯ ಜಿಪ್ಸಂ ಹಲಗೆ ಕತ್ತರಿಸುವವನ ಅಲಗು ಒಂದೇ ದಿನದಲ್ಲಿ ಮೊಂಡಾಗುತ್ತದೆ. ಆತನಿಗೆ ಎಂಥ ಉತ್ತಮ ಉಕ್ಕೂ ವ್ಯರ್ಥ, ಅಲಗು ಬದಲಿಸುವ ಚಾಕುವೇ ಯೋಗ್ಯ. ಯಾರಾದರೂ ನನ್ನನ್ನು ಒಂದೇ ಒಂದು ಚಾಕು ಹೇಳಿ ಎಂದು ಒತ್ತಾಯಿಸಿದರೆ, ಹೊಸಬರಿಗೆ ನಾನು ಹೇಳುವುದು ಇದನ್ನೇ.

ಉಳಿದಂತೆ ಕಸುಬಿಗೆ ತಕ್ಕ ಅಲಗು. ರತ್ನಗಂಬಳಿ ಹಾಸುವವರಿಗೆ ಗಿಣಿಯ ಕೊಕ್ಕಿನಂತೆ ಒಳಕ್ಕೆ ಬಾಗಿದ ಅಲಗು. ನಮ್ಮ ಕುಡುಗೋಲಿನ ತಮ್ಮನೆನ್ನಬಹುದು. ಸೂರಿನ ಶಿಂಗಲ್ ಕತ್ತರಿಸುವವರಿಗೆ ಕೊಕ್ಕೆಯಾಕಾರದ ಅಲಗು. ಎಲೆಕ್ಟ್ರೀಷಿಯನ್ನರಿಗೆ ತುದಿ ಚೂಪಿಲ್ಲದ, ನೇರ ಅಂಚಿನ ಅಲಗು ಒಳ್ಳೆಯದು. ಹೊದಿಕೆ ಸೀಳುವಾಗ ಒಳಗಿನ ತಂತಿಯನ್ನು ಚುಚ್ಚುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಣ್ಣದ ಪ್ಲಾಸ್ಟಿಕ್ ಹಿಡಿ ಇದ್ದ ಮಾತ್ರಕ್ಕೆ ಚಾಕು ವಿದ್ಯುತ್ತನ್ನು ತಡೆಯುವುದಿಲ್ಲ. 1000 ವೋಲ್ಟಿಗೆಂದು ಪರೀಕ್ಷಿಸಿ ಮುದ್ರೆಯೊತ್ತಿದ ಪ್ರತ್ಯೇಕ ಚಾಕುಗಳಿವೆ. ಅವುಗಳಿದ್ದರೂ ಮೊದಲ ನಿಯಮ ವಿದ್ಯುತ್ ಕಡಿದು, ಇಲ್ಲವೆಂದು ಮಾಪಕದಿಂದ ಖಚಿತಪಡಿಸಿಕೊಂಡು, ಆಮೇಲೆ ಕೈ ಹಾಕುವುದು. ಮೀಟುವ, ತಿರುಗಿಸುವ ಕೆಲಸಕ್ಕೆ ಅದರದೇ ಸಲಕರಣೆ ಇರಲಿ. ಟಿಮ್ ಲೆದರ್‌ಮನ್ ಅವರು 1983ರಲ್ಲಿ ಮಾರುಕಟ್ಟೆಗೆ ತಂದ ಇಕ್ಕಳ ಸಹಿತ ಬಹೂಪಯೋಗಿ ಸಲಕರಣೆಯ ಮಾದರಿಯವು ಇಂದು ಎಲ್ಲೆಡೆ ಇವೆ; ಅಷ್ಟೂ ಬೇಡವೆಂದರೆ ಎರಡು ಡಾಲರಿನ ಸ್ಕ್ರೂಡ್ರೈವರ್ ಚಾಕುವಿನ ತುದಿಯನ್ನೂ ಬೆರಳನ್ನೂ ಉಳಿಸೀತು.

ವಲಸೆ ಬಂದ ಕುಟುಂಬದವರಾದ ನಾವು ಕಾನೂನಿನ ಮಾತನ್ನು ಮರೆಯಲಾಗದು. ಈ ದೇಶದಲ್ಲಿ ಚಾಕುವಿನ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ನಗರದಿಂದ ನಗರಕ್ಕೆ ಬದಲಾಗುತ್ತವೆ. ಕೇಂದ್ರ ಸರ್ಕಾರದ ಕಟ್ಟಡಗಳ ಕಾನೂನು ಎರಡೂವರೆ ಅಂಗುಲಕ್ಕಿಂತ ಚಿಕ್ಕ ಅಲಗಿನ ಜೇಬುಚಾಕುವನ್ನು ಮಾತ್ರ ಅಪಾಯಕಾರಿ ಆಯುಧಗಳ ಪಟ್ಟಿಯಿಂದ ಹೊರಗಿಟ್ಟಿದೆ. ನ್ಯೂಯಾರ್ಕ್ ರಾಜ್ಯದಲ್ಲಿ, ಮಣಿಕಟ್ಟಿನ ಒಂದು ಝಾಡಿಗೆ ತೆರೆದುಕೊಳ್ಳುವ ಚಾಕುಗಳನ್ನು ನಿಷೇಧಿಸಿದ್ದ ಹಳೆಯ ಕಾನೂನಿನಡಿ ಸಾಧಾರಣ ಕೆಲಸಗಾರರೂ ಬಂಧನಕ್ಕೊಳಗಾಗುತ್ತಿದ್ದರು; ಅದು ರದ್ದಾದದ್ದು 2019ರಲ್ಲಿ. ಇಂಗ್ಲೆಂಡಿನಲ್ಲಿರುವ ನಿಮ್ಮ ಬಂಧುಗಳಿಗೆ ಇದೇ ಸಲಹೆ ಕೊಡುವ ಮುನ್ನ ತಿಳಿದಿರಲಿ: ಅಲ್ಲಿ 1988ರ ಕಾಯಿದೆಯಂತೆ ಕಾರಣವಿಲ್ಲದೆ ಜೇಬಿನಲ್ಲಿಡಬಹುದಾದ್ದು 3 ಅಂಗುಲ ಮೀರದ, ಅಗುಳಿಯಿಲ್ಲದ ಮಡಚುವ ಚಾಕು ಮಾತ್ರ. ಅಗುಳಿಯ ಚಾಕುವಿಗೆ ಕೆಲಸದಂಥ ಸಕಾರಣ ತೋರಿಸಬೇಕು. ನಮ್ಮ ಮಕ್ಕಳಿಗೆ ನಾನು ಹೇಳುವುದಿಷ್ಟು: ಕೆಲಸ ಮುಗಿದೊಡನೆ ಚಾಕು ಸಲಕರಣೆಯ ಪೆಟ್ಟಿಗೆ ಸೇರಲಿ, ತರಗತಿಗೆ, ವಿಮಾನ ನಿಲ್ದಾಣಕ್ಕೆ, ಗೆಳೆಯರ ಕೂಟಕ್ಕೆ ಅದು ಬರುವುದು ಬೇಡ. ಕಂದು ಬಣ್ಣದ ಹುಡುಗನೊಬ್ಬ ಪೊಲೀಸರೆದುರು ತನ್ನ ಜೇಬಿನ ಚಾಕುವನ್ನು ವಿವರಿಸಬೇಕಾದ ಸಂದರ್ಭವೇ ಬಾರದಿರುವುದು ಲೇಸು.

ಇಷ್ಟೆಲ್ಲ ಮಾಡಿದರೂ ಗಾಯವಾಗಬಹುದು. ಆಗ ಶುಭ್ರ ಬಟ್ಟೆಯಿಂದ ಗಾಯದ ಮೇಲೆಯೇ ಬಿಗಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ. ಹತ್ತು ನಿಮಿಷ ಬಟ್ಟೆ ಎತ್ತಿ ನೋಡಬೇಡಿ. ನಮ್ಮ ಅಜ್ಜಿಯರ ಪ್ರೀತಿಯ ಕಾಫಿಪುಡಿಯನ್ನೂ ಅರಿಸಿನವನ್ನೂ ಆಳದ ಗಾಯಕ್ಕೆ ತುಂಬಬೇಡಿ. ಅವನ್ನೆಲ್ಲ ತೊಳೆದು ತೆಗೆಯುವುದೇ ನಮಗೆ ಅರ್ಧ ಕೆಲಸವಾಗುತ್ತದೆ. ರಕ್ತ ನಿಂತ ಮೇಲೆ ಬೆರಳಿನ ಪ್ರತಿಯೊಂದು ಗೆಣ್ಣನ್ನೂ ಬೇರೆ ಬೇರೆಯಾಗಿ ಮಡಚಲು ಹೇಳಿ. ತುದಿ ಮಡಚದಿದ್ದರೆ, ಜೋಮು ಹಿಡಿದಿದ್ದರೆ, ಬಣ್ಣ ಬಿಳುಪಾಗಿದ್ದರೆ ಗಾಯ ಒಂದು ಸೆಂಟಿಮೀಟರಿನದೇ ಆಗಿರಲಿ, ಕೂಡಲೇ ಆಸ್ಪತ್ರೆಗೆ ಹೋಗಿರಿ. ಕೈಯಲ್ಲಿ ಸಣ್ಣ ಗಾಯದ ಕೆಳಗೆ ದೊಡ್ಡ ನಷ್ಟ ಅಡಗಿರುತ್ತದೆ. ಬೆರಳಿನ ತುಣುಕು ಬೇರೆಯಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ತನ್ನಿರಿ; ಮಂಜುಗಡ್ಡೆ ನೇರವಾಗಿ ತಾಗಬಾರದು. ಕೊಳಕು ಗಾಯವಾಗಿ, ಧನುರ್ವಾಯುವಿನ ಚುಚ್ಚುಮದ್ದು ಪಡೆದು 5 ವರ್ಷ ಕಳೆದಿದ್ದರೆ ಮತ್ತೊಂದು ಬೇಕು. ಕೆಲಸದ ಸ್ಥಳದ ಗಾಯವನ್ನು ಅಂದೇ ಮೇಲ್ವಿಚಾರಕರಿಗೆ ಬರಹದಲ್ಲಿ ತಿಳಿಸಬೇಕು. ಸಂಕೋಚದಿಂದ ಮುಚ್ಚಿಟ್ಟವರು ಚಿಕಿತ್ಸೆಯ ಖರ್ಚಿನ ಪರಿಹಾರವನ್ನು ಕಳೆದುಕೊಳ್ಳಬಹುದು.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ವಿನಂತಿ. ಮಗ ವೈದ್ಯಕೀಯ ಕಾಲೇಜು ಸೇರಿದರೆ ಸ್ಟೆತಾಸ್ಕೋಪನ್ನು ಉಡುಗೊರೆಯಾಗಿ ಕೊಟ್ಟು ಚಿತ್ರ ತೆಗೆಸಿಕೊಳ್ಳುತ್ತೇವೆ. ಕಸುಬು ಕಲಿಯಹೊರಟ ಮಗನಿಗೋ ಮಗಳಿಗೋ ಅಷ್ಟೇ ಹೆಮ್ಮೆಯಿಂದ ಒಂದು ಒಳ್ಳೆಯ ಚಾಕು, ಒಂದು ಮಸೆಗಲ್ಲು, ಎಡಗೈಗೆ ಸೀಳು ತಡೆಯುವ ಒಂದು ಕೈಗವಸು ಕೊಡಿಸಿ. ಮೂರೂ ಸೇರಿ 60 ಡಾಲರು ದಾಟುವುದಿಲ್ಲ. ಕೊಡಿಸಿ ಸುಮ್ಮನಾಗದೆ, ಅವರು ಮನೆಗೆ ಬಂದಾಗ “ಇದನ್ನು ಹೇಗೆ ಹಿಡಿಯುತ್ತೀ, ನನಗೂ ತೋರಿಸು ನೋಡೋಣ” ಎಂದು ಕೇಳಿ. ಇನ್ನೊಬ್ಬರಿಗೆ ಕಲಿಸುವವನು ತಾನೂ ಎಚ್ಚರದಿಂದ ಹಿಡಿಯುತ್ತಾನೆ. ತಂದೆತಾಯಿ ತನ್ನ ಕೆಲಸವನ್ನು ಕಲಿಯಲು ಕೂತರೆಂಬ ತೃಪ್ತಿಯೂ ಅವನಿಗಿರುತ್ತದೆ. ಮುಂದಿನ ಬಾರಿ ಈ ಕೂಟದಲ್ಲಿ ಯಾರಾದರೂ ನಿಮ್ಮ ಮಗ ಏನು ಮಾಡುತ್ತಿದ್ದಾನೆಂದು ಕೇಳಿದರೆ, ದನಿ ತಗ್ಗಿಸದೆ ಉತ್ತರಿಸಿರಿ.